ಆಲೆಟ್ಟಿಯ ದಾರಿಯಲ್ಲಿ ಹಾಲೇರಿಯ ವಂಶಾವಳಿ

ದಕ್ಷಿಣ ಕನ್ನಡ ಜಿಲ್ಲೆಯ ಮೂಡಣ ಅಂಚಿನಲ್ಲಿ, ಕೊಡಗಿನ ಬೆಟ್ಟಗಳು ಮೆಲ್ಲಮೆಲ್ಲನೆ ಇಳಿದು ಅಡಿಕೆಯ ತೋಟಗಳೊಡನೆ ಬೆರೆಯುವ ಎಡೆಯಲ್ಲಿ, ಸುಳ್ಯವೆಂಬ ಪೇಟೆಯಿರುವುದು. ಈ ಪೇಟೆಯ ಮಗ್ಗುಲಲ್ಲಿ ಪಯಸ್ವಿನಿಯು ಹರಿಯುತ್ತಾಳೆ. ಕೊಡಗಿನ ಮಲೆಯಲ್ಲಿ ಹುಟ್ಟಿ, ಸಂಪಾಜೆಯ ಕಣಿವೆಯನ್ನು ಹಾದು, ಮುಂದೆ ಚಂದ್ರಗಿರಿಯೆಂಬ ಹೆಸರನ್ನು ತಾಳಿ, ಕಾಸರಗೋಡಿನ ಬಳಿ ಪಡುಗಡಲನ್ನು ಸೇರುವ ನದಿಯಿದು. ಪಯಸ್ಸೆಂದರೆ ಹಾಲೂ ಹೌದು, ನೀರೂ ಹೌದು. ಮಳೆಗಾಲದ ಕೆಂಪು ನೆರೆಯನ್ನು ಕಂಡವರಿಗೆ ಆ ಹೆಸರು ವಿಚಿತ್ರವಾಗಿ ತೋರಬಹುದು. ಪುಷ್ಯಮಾಸದ ತಿಳಿನೀರನ್ನು ಕಂಡವರು ಹೆಸರಿಟ್ಟ ಹಿರಿಯರ ಜಾಣ್ಮೆಗೆ ತಲೆದೂಗುವರು. ಈ ಹೊಳೆಯನ್ನು ದಾಟಿ ತೆಂಕಣ ದಿಕ್ಕಿಗೆ ನಡೆದವರಿಗೆ ಆಲೆಟ್ಟಿ ಗ್ರಾಮವು ದೊರೆಯುವುದು. ಅದರಾಚೆಗೆ ಬಂದಡ್ಕದ ಕಡೆಯ ಗುಡ್ಡಗಳು, ಕೇರಳದ ಎಲ್ಲೆ.

ಆಲೆಟ್ಟಿಯಲ್ಲಿ ದೊಡ್ಡ ಕೋಟೆಕೊತ್ತಲಗಳನ್ನಾಗಲಿ, ಅರಮನೆಯನ್ನಾಗಲಿ ಹುಡುಕುವುದು ವ್ಯರ್ಥ. ನಾಗಪಟ್ಟಣವೆಂಬ ಭಾಗದಲ್ಲಿ ಸದಾಶಿವನ ದೇವಾಲಯವಿದೆ. ಅರಂಬೂರಿನಲ್ಲಿ ಪಯಸ್ವಿನಿಗೆ 1989ರಲ್ಲಿ ಕಟ್ಟಿದ ತೂಗುಸೇತುವೆಯೊಂದು ಈ ಸೀಮೆಯ ಹೆಸರನ್ನು ದೂರದೂರಕ್ಕೆ ಒಯ್ದಿತು. ಸುಳ್ಯದ ಗಿರೀಶ ಭಾರದ್ವಾಜರು ಮುಂದೆ ನಾಡಿನ ಅನೇಕ ಹೊಳೆಗಳಿಗೆ ಕಟ್ಟಿದ ಕಾಲುಸೇತುವೆಗಳಿಗೆಲ್ಲ ಅದೇ ಮೊದಲನೆಯದು. ಉಳಿದಂತೆ ಎಲ್ಲೆಲ್ಲಿಯೂ ತೋಟ, ಗದ್ದೆ, ಗುಡ್ಡ, ಕಾಡು. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬರುವ ಪ್ರವಾಸಿಯು ಅರ್ಧ ದಿನದಲ್ಲಿ ಹಿಂದಿರುಗುವನು. ಆದರೆ ಮನೆಗಳನ್ನು ಓದಬಲ್ಲವನಿಗೆ ಇಲ್ಲಿ ತಿಂಗಳುಗಟ್ಟಲೆ ಸಾಮಗ್ರಿಯಿದೆ. ಒಂದೇ ದಾರಿಯಲ್ಲಿ ಹರದಾರಿಯಷ್ಟು ನಡೆಯುವುದರೊಳಗೆ ನಮ್ಮ ಕಿವಿಗೆ ತುಳು, ಅರೆಭಾಷೆ, ಹವಿಗನ್ನಡ, ಮಲಯಾಳ, ತಮಿಳು ಇಷ್ಟೂ ಬಿದ್ದುವು. ಇಷ್ಟು ಭಾಷೆಗಳೆಂದರೆ ಇಷ್ಟು ವಲಸೆಗಳೆಂದೇ ಅರ್ಥ. ಎಲ್ಲರೂ ಎಲ್ಲಿಂದಲೋ ಬಂದವರು. ಯಾರು ಮೊದಲು, ಯಾರು ಆಮೇಲೆ ಎಂಬುದೊಂದೇ ವ್ಯತ್ಯಾಸ.

ನಾವು ಇಳಿದುಕೊಂಡದ್ದು ಅರೆಭಾಷೆಯ ಗೌಡರ ಹಳೆಯ ಮನೆಯೊಂದರಲ್ಲಿ. ಹಲಸಿನ ಮರದ ಕಂಬಗಳು, ಸೆಗಣಿ ಸಾರಿಸಿದ ಅಂಗಳ, ಒಳಗೆ ಹಿರಿಯರಿಗೆಂದು ಮೀಸಲಾದ ಕೋಣೆ. ಈ ಜನರ ಪೂರ್ವಿಕರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದರೆಂಬುದು ಪರಂಪರೆಯ ಮಾತು. 'ಹತ್ತು ಕುಟುಂಬ, ಹದಿನೆಂಟು ಗೋತ್ರ' ಎಂದು ತಮ್ಮ ಕುಲವನ್ನು ಇವರು ಎಣಿಸುತ್ತಾರೆ. ಒಂದೇ ಬಳಿಯವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ತರವಾಡು ಮನೆಯಲ್ಲಿ ಸೇರಿ ಗುರುಕಾರ್ಣವರಿಗೆ ಅಗೇಲು ಬಡಿಸುತ್ತಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನೂ, ಪರದೇಶದಲ್ಲಿ ನೆಲಸಿದವನೂ ಆ ದಿನದ ನೆನಪನ್ನು ಬಿಡುವುದಿಲ್ಲವೆಂದು ಮನೆಯ ಯಜಮಾನರು ಹೇಳಿದರು. ವಂಶವೃಕ್ಷದ ಕಾಗದ ಈ ಮನೆಯಲ್ಲಿ ಇರಲಿಲ್ಲ. ಆದರೆ ಏಳು ತಲೆಯ ಹೆಸರುಗಳು ಯಜಮಾನರ ನಾಲಗೆಯ ಮೇಲಿದ್ದುವು.

ಈ ಏಳು ತಲೆಯವರಲ್ಲಿ ಮೊದಲಿನವರು ಯಾವ ಅರಸರಿಗೆ ಕಂದಾಯವನ್ನು ಸಲ್ಲಿಸಿದರು? ಮಂಗಳೂರಿನ ಕಡೆಯವರಿಗಲ್ಲ, ಬೆಟ್ಟದ ಮೇಲಿನ ಮಡಿಕೇರಿಗೆ. ಅಮರ, ಸುಳ್ಯ ಎಂಬ ಎರಡು ಮಾಗಣೆಗಳು ಇಕ್ಕೇರಿಯ ನಾಯಕರ ಕೈಯಿಂದ ಕೊಡಗಿನ ಹಾಲೇರಿ ಅರಸರ ಕೈಗೆ ಬಂದು, 1834ರ ವರೆಗೆ ಅವರ ರಾಜ್ಯದ ಅಂಗವಾಗಿದ್ದುವು. ಆ ಅರಸುಮನೆತನವೂ ಹೊರಗಿನಿಂದಲೇ ಬಂದು ನೆಲಸಿದ್ದು. ನೆಲಸಿ, ಒಡೆತನವನ್ನು ಪಡೆದು, ಎರಡು ಶತಮಾನಗಳಿಗಿಂತ ಹೆಚ್ಚುಕಾಲ ಆಳಿ, ಕೊನೆಗೆ ಒಂದು ಕುಡಿಯೂ ಈ ನೆಲದಲ್ಲಿ ಅರಸಾಗಿ ಉಳಿಯದಂತೆ ಹೋದುದು. ಗೃಹಸ್ಥರು ಅವಶ್ಯವಾಗಿ ತಿಳಿಯತಕ್ಕ ಕಥೆಯಾದುದರಿಂದ ಅದರ ವಂಶಾವಳಿಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಇಕ್ಕೇರಿಯ ಅರಸುಮನೆತನಕ್ಕೆ ಸೇರಿದ ವೀರರಾಜನೆಂಬವನು 16ನೆಯ ಶತಮಾನದ ಕೊನೆಯ ಅಥವಾ 17ನೆಯ ಶತಮಾನದ ಆದಿಭಾಗದಲ್ಲಿ ಜಂಗಮ ವೇಷದಿಂದ ಕೊಡಗಿಗೆ ಬಂದು ಹಾಲೇರಿಯಲ್ಲಿ ನೆಲಸಿದನು. ನಾಡು ಆಗ ಅನೇಕ ನಾಯಕರ ಪಾಲಾಗಿತ್ತು, ಒಬ್ಬರಿಗೊಬ್ಬರು ಆಗದು. ಜನರು ಸ್ವಾಮಿಗೆ ಭಕ್ತಿಯಿಂದ ಸಲ್ಲಿಸುತ್ತಿದ್ದ ಕಾಣಿಕೆಯು ಕ್ರಮೇಣ ನಿಯತವಾದ ತೆರಿಗೆಯಾಯಿತು, ಕಾವಲಿಗೆಂದು ಬಂದ ಬಂಟರು ಸೈನ್ಯವಾದರು, ಸ್ವಾಮಿಯು ಅರಸನಾದನು. ಪ್ರಜೆಗಳು ಕೊಡವರು, ಗೌಡರು ಮೊದಲಾದವರು, ಅರಸರು ವೀರಶೈವರು. ಭಾಷೆ ಬೇರೆ, ಆಚಾರ ಬೇರೆ. ಆದರೂ ನಾಡು ಅವರನ್ನು ಒಪ್ಪಿಕೊಂಡಿತು. ತಮ್ಮಲ್ಲಿ ಯಾರನ್ನು ಒಪ್ಪಿದರೂ ಮತ್ತೊಬ್ಬರಿಗೆ ಅಸೂಯೆ. ಹೊರಗಿನವನಾದರೆ ಎಲ್ಲರಿಗೂ ಸಮಾನ ದೂರ. ಇದೇ ಅದರ ಗುಟ್ಟಾಗಿರಬೇಕೆಂದು ನಮಗೆ ತೋರುತ್ತದೆ.

ವೀರರಾಜನ ಬಳಿಕ ಅಪ್ಪಾಜಿರಾಜ, ಅವನ ಬಳಿಕ ಮುದ್ದುರಾಜ. 1633ರಿಂದ 1687ರ ವರೆಗೆ ದೀರ್ಘಕಾಲ ಆಳಿದ ಈ ಮುದ್ದುರಾಜನೇ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ಒಯ್ದು 1681ರಲ್ಲಿ ಕೋಟೆಯನ್ನು ಕಟ್ಟಿಸಿದವನು. ಅವನಿಗೆ ಮೂವರು ಮಕ್ಕಳು. ಹಿರಿಯನಾದ ದೊಡ್ಡ ವೀರಪ್ಪನು ಮಡಿಕೇರಿಯಲ್ಲಿ ಪಟ್ಟವೇರಿದನು. ಅಪ್ಪಾಜಿಯು ಹಾಲೇರಿಯಲ್ಲಿ ಉಳಿದನು. ನಂದರಾಜನು ಹೊರಮಲೆಯಲ್ಲಿ ನೆಲಸಿದನು. ಒಂದು ಬುಡ, ಮೂರು ಕವಲು. ವಾಚಕರು ಈ ಮೂರು ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನರ್ಥವೆಲ್ಲ ಈ ಕವಲುಗಳಿಂದಲೇ ಹುಟ್ಟಿತು.

ಸಂಸ್ಕೃತದಲ್ಲಿ ವಂಶವೆಂಬ ಶಬ್ದಕ್ಕೆ ಕುಲವೆಂದೂ ಬಿದಿರೆಂದೂ ಎರಡರ್ಥ. ಬಿದಿರಿಗೆ ಗೆಣ್ಣು ಗೆಣ್ಣಾಗಿ ಬೆಳೆಯುವ ಸ್ವಭಾವ. ತಲೆಯಿಂದ ತಲೆಗೆ ಬೆಳೆಯುವ ಕುಲಕ್ಕೆ ಇದಕ್ಕಿಂತ ಒಪ್ಪುವ ಹೋಲಿಕೆ ಬೇರೆ ಸಿಕ್ಕದು. ಆದರೆ ಬಿದಿರಿಗೆ ಇನ್ನೊಂದು ಗುಣವೂ ಉಂಟು. ಮೆಳೆಯ ಬಿದಿರುಗಳು ಗಾಳಿಗೆ ಒಂದನ್ನೊಂದು ಉಜ್ಜಿ ಬೆಂಕಿ ಹುಟ್ಟಿ ಮೆಳೆಯೇ ಸುಟ್ಟುಹೋಗುವುದೆಂದು ನಮ್ಮ ಹಿರಿಯರು ಹೇಳುವರು. ಹಾಲೇರಿಯ ವಂಶಕ್ಕೆ ಈ ಎರಡನೆಯ ಹೋಲಿಕೆಯೇ ಹೆಚ್ಚು ಸಲ್ಲುವಂತಾಯಿತು.

ದೊಡ್ಡ ವೀರಪ್ಪನು 1736ರ ವರೆಗೆ ಆಳಿದನು. ಅವನ ಮೊಮ್ಮಗ ಚಿಕ್ಕ ವೀರಪ್ಪನು 1766ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಮಡಿಕೇರಿಯ ಕವಲು ಮುಗಿಯಿತು. ಆಗ ಹಾಲೇರಿಯ ಮುದ್ದುರಾಜನೂ ಹೊರಮಲೆಯ ಮುದ್ದಯ್ಯನೂ ಕೂಡಿ ಆಳಿದರು. ಇಬ್ಬರು ಅರಸರು ಒಂದೇ ಸಿಂಹಾಸನದಲ್ಲಿ ಜಗಳವಿಲ್ಲದೆ ಕುಳಿತ ಆ ನಾಲ್ಕು ವರ್ಷಗಳು ಈ ಚರಿತ್ರೆಯಲ್ಲಿ ಅಪರೂಪವಾದ ತಂಪು. 1770ರಲ್ಲಿ ಇಬ್ಬರೂ ಗತಿಸಿದರು. ಹೊರಮಲೆಯವರು ತಮ್ಮ ದೇವಪ್ಪರಾಜನಿಗೆ ಪಟ್ಟವನ್ನು ಕಟ್ಟಿದರು. ಹಾಲೇರಿಯ ಲಿಂಗರಾಜನು ತನ್ನ ಅಣ್ಣನ ಮಗನಿಗೆ ಅನ್ಯಾಯವಾಯಿತೆಂದು ಮೈಸೂರಿನ ಹೈದರಲಿಯ ಮರೆಹೊಕ್ಕನು. ದಾಯಾದಿಯನ್ನು ಗೆಲ್ಲುವುದಕ್ಕಾಗಿ ಹೊರಗಿನ ಬಲಿಷ್ಠನಿಗೆ ಮನೆಯ ಬಾಗಿಲನ್ನು ತೆರೆದುಕೊಟ್ಟ ದಿನವದು. ದೇವಪ್ಪರಾಜನು ಓಡಿದನು, ಸಿಕ್ಕಿದನು, ಶ್ರೀರಂಗಪಟ್ಟಣದಲ್ಲಿ ಪ್ರಾಣವನ್ನು ಕಳೆದುಕೊಂಡನು. ಅಲ್ಲಿಗೆ ಹೊರಮಲೆಯ ಕವಲೂ ಒಣಗಿತು. ಲಿಂಗರಾಜನು ಗೆದ್ದನು. ಆದರೆ 1780ರಲ್ಲಿ ಅವನು ತೀರಿದೊಡನೆ, ಮಕ್ಕಳು ಚಿಕ್ಕವರೆಂಬ ನೆವದಿಂದ ಹೈದರನು ಕೊಡಗನ್ನೇ ತನ್ನ ವಶಮಾಡಿಕೊಂಡನು. ಅರಸುಮಕ್ಕಳು ಗೊರೂರಿನಲ್ಲಿಯೂ ಆಮೇಲೆ ಪಿರಿಯಾಪಟ್ಟಣದಲ್ಲಿಯೂ ಸೆರೆಯಲ್ಲಿ ಬೆಳೆದರು.

1788ರ ಕೊನೆಯಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರನು ಟಿಪ್ಪುವಿನ ದಂಡನ್ನು ನಾಡಿನಿಂದ ಹೊರಗಟ್ಟಿದನು. 1790ರಲ್ಲಿ ಅವನು ಇಂಗ್ಲಿಷ್ ಕುಂಪಣಿಯವರೊಡನೆ ಕೌಲು ಮಾಡಿಕೊಂಡನು. 1792ರಲ್ಲಿ ತನ್ನ ಹೆಸರಿನಿಂದ ವೀರರಾಜಪೇಟೆಯನ್ನು ಕಟ್ಟಿಸಿದನು; ಶ್ರೀರಂಗಪಟ್ಟಣವು ಬಿದ್ದ ಮೇಲೆ ಕುಂಪಣಿಯವರಿಂದ ಪಂಜ, ಬೆಳ್ಳಾರೆಗಳನ್ನೂ ಪಡೆದನು. ಸುಳ್ಯದ ಸುತ್ತಣ ನಾಡೆಲ್ಲ ಮಡಿಕೇರಿಯ ಕಡೆಗೆ ಮುಖಮಾಡಿ ನಿಂತ ಕಾಲವಿದು. ಶೌರ್ಯ, ಸಂಪತ್ತು, ಕೀರ್ತಿ ಎಲ್ಲವೂ ಇದ್ದ ಈ ಅರಸನಿಗೆ ಇದ್ದ ಚಿಂತೆಯೊಂದೇ: ಗಂಡುಮಕ್ಕಳಿಲ್ಲ. ಪ್ರಿಯಳಾದ ರಾಣಿ ಮಹದೇವಮ್ಮಾಜಿಯು 1807ರಲ್ಲಿ ತೀರಿಕೊಂಡಳು. ಅವಳ ಮಗಳಾದ ದೇವಮ್ಮಾಜಿಗೆ ರಾಜ್ಯವು ಸಲ್ಲಬೇಕೆಂದು ಅವನ ಆಶೆ. ಈ ಸಂದರ್ಭದಲ್ಲಿಯೇ ಅವನ ಅಪ್ಪಣೆಯಿಂದ 'ರಾಜೇಂದ್ರನಾಮೆ'ಯೆಂಬ ಕನ್ನಡ ಗ್ರಂಥವು ಸಿದ್ಧವಾಯಿತು. 1633ರಿಂದ 1807ರ ವರೆಗಿನ ವಂಶದ ಚರಿತ್ರೆಯನ್ನು ಅದು ಹೇಳುತ್ತದೆ. 1808ರಲ್ಲಿ ಅದು ಇಂಗ್ಲಿಷಿಗೂ ಭಾಷಾಂತರವಾಯಿತು.

ವಂಶಾವಳಿಗಳನ್ನು ಜನರು ಯಾವಾಗ ಬರೆಯಿಸುತ್ತಾರೆಂಬುದನ್ನು ಗಮನಿಸಬೇಕು. ಹೆಸರುಗಳು ನಿಶ್ಚಿಂತೆಯಾಗಿ ಸಾಗುತ್ತಿರುವಾಗ ಯಾರೂ ಬರೆಯಿಸುವುದಿಲ್ಲ. ಮುಂದೆ ಯಾರೆಂಬ ಪ್ರಶ್ನೆ ಎದ್ದಾಗ ಓಲೆಯೂ ಲೇಖಣಿಯೂ ಹೊರಬೀಳುತ್ತವೆ. 'ರಾಜೇಂದ್ರನಾಮೆ'ಯು ಒಂದು ದೃಷ್ಟಿಯಿಂದ ಚರಿತ್ರೆ. ಮತ್ತೊಂದು ದೃಷ್ಟಿಯಿಂದ ತಂದೆಯೊಬ್ಬನು ಮಗಳ ಹಕ್ಕಿಗಾಗಿ ಕಟ್ಟಿದ ಬೇಲಿ. ಆದರೆ ಬೇಲಿಯು ನಿಲ್ಲಲಿಲ್ಲ. 1809ರಲ್ಲಿ ತಂದೆಯು ತೀರಿದನು. 1811ರಲ್ಲಿ ಚಿಕ್ಕಪ್ಪನಾದ ಎರಡನೆಯ ಲಿಂಗರಾಜನು ಬಾಲೆಯನ್ನು ಬದಿಗೊತ್ತಿ ತಾನೇ ಅರಸನಾದನು. 1820ರಲ್ಲಿ ಅವನ ಮಗ ಚಿಕ್ಕ ವೀರರಾಜೇಂದ್ರನು ಪಟ್ಟಕ್ಕೆ ಬಂದನು. ದೊಡ್ಡ ವೀರರಾಜೇಂದ್ರನ ಸಂತತಿಯವರೂ ಇತರ ದಾಯಾದಿಗಳೂ ಇವನ ಕಾಲದಲ್ಲಿ ಹತರಾದರೆಂದು ಕುಂಪಣಿಯವರು ಆರೋಪಿಸಿದರು. ರಾಜ್ಯವನ್ನು ಕಸಿದುಕೊಳ್ಳಬಂದವರ ಬರಹವನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಅರಸನ ಸ್ವಂತ ತಂಗಿಯೇ ಗಂಡನೊಡನೆ 1832ರಲ್ಲಿ ಗಡಿದಾಟಿ ಇಂಗ್ಲಿಷರ ಮರೆಹೊಕ್ಕಳೆಂಬುದು ಮನೆಯೊಳಗಿನ ಭೀತಿಗೆ ಸಾಕ್ಷಿಯಾಗಿದೆ. 1834ರ ಏಪ್ರಿಲ್ ತಿಂಗಳಲ್ಲಿ ಕುಂಪಣಿಯ ದಂಡು ಮಡಿಕೇರಿಯನ್ನು ಹೊಕ್ಕಿತು. ಅರಸನು ಕಾಶಿಯ ಕಡೆಗೆ ಗಡಿಪಾರಾದನು. ಅಮರ ಸುಳ್ಯ ಮೊದಲಾದ ಕೆಳಗಿನ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು.

ಈ ಸೇರಿಕೆಯ ಭಾರವು ಬಿದ್ದುದು ಆಲೆಟ್ಟಿಯಂತಹ ಗ್ರಾಮಗಳ ಒಕ್ಕಲುಗಳ ಮೇಲೆ. ಅರಸರ ಕಾಲದಲ್ಲಿ ಬೆಳೆದ ಬೆಳೆಯನ್ನೇ ಕಂದಾಯವಾಗಿ ಅಳೆದು ಕೊಡುತ್ತಿದ್ದರು. ಕುಂಪಣಿಯವರು ನಗದು ಹಣವನ್ನೇ ಕೇಳಿದರು. ಗದ್ದೆಯಲ್ಲಿ ಭತ್ತವು ಬೆಳೆದೀತು, ರೂಪಾಯಿಯು ಬೆಳೆದೀತೇ? ಹಣಕ್ಕಾಗಿ ಸುಗ್ಗಿಯಲ್ಲಿ ಅಗ್ಗವಾಗಿ ಮಾರಬೇಕು, ಇಲ್ಲವೇ ಸಾಹುಕಾರನ ಜಗಲಿಯನ್ನು ಹತ್ತಬೇಕು. ಅಸಮಾಧಾನವು ಒಳಗೊಳಗೇ ಕುದಿಯಿತು. ಅದಕ್ಕೊಂದು ಹೆಸರು ಬೇಕಾಗಿತ್ತು. ಆ ಹೆಸರನ್ನು ಹಾಲೇರಿಯ ವಂಶವು ಒದಗಿಸಿತು.

ಅಪರಂಪಾರ, ಕಲ್ಯಾಣಸ್ವಾಮಿ ಎಂಬ ಹೆಸರುಗಳಿಂದ, ತಾವು ಹಾಲೇರಿಯ ಕುಲದವರೆಂದು ಹೇಳಿಕೊಂಡವರು ಒಬ್ಬರ ಹಿಂದೊಬ್ಬರಾಗಿ ಕಾಣಿಸಿಕೊಂಡು ಸೆರೆಯಾದರು. ಬಳಿಕ ಪುಟ್ಟಬಸಪ್ಪನೆಂಬ ಒಕ್ಕಲಿಗನೊಬ್ಬನನ್ನು ಕಲ್ಯಾಣಸ್ವಾಮಿಯೆಂದೇ ಮುಂದಿಟ್ಟುಕೊಂಡು ಸುಳ್ಯದ ಗೌಡರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳು. ಮಗನ ಮದುವೆಯ ನೆವದಿಂದ ಪೂಮಲೆಯಲ್ಲಿ ಜನರನ್ನು ಕೂಡಿಸಿದರೆಂದು ಈ ಸೀಮೆಯಲ್ಲಿ ಹೇಳುತ್ತಾರೆ. 1837ರ ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯು ಅವರ ವಶವಾಯಿತು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಅವರ ಬಾವುಟವು ಏರಿತು. ಹದಿಮೂರು ದಿನಗಳ ಆಳಿಕೆ. ಆಮೇಲೆ ಕುಂಪಣಿಯ ಸೈನ್ಯವು ಹಡಗುಗಳಲ್ಲಿ ಬಂದಿಳಿಯಿತು. ಪುಟ್ಟಬಸಪ್ಪ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ. ಬಹುಕಾಲ ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಲೂಟಿಯ ಹೆಸರಿನಿಂದ ಕರೆದರು. 2022ರಲ್ಲಿ ಬಾವುಟಗುಡ್ಡೆಯ ಮೇಲೆಯೇ ರಾಮಯ್ಯ ಗೌಡರ ಪ್ರತಿಮೆಯು ಪ್ರತಿಷ್ಠಿತವಾಯಿತು.

ಇಲ್ಲಿ ವಿಚಾರಶೀಲರಿಗೊಂದು ಪ್ರಶ್ನೆಯು ಏಳುತ್ತದೆ. ಸುಳ್ಳು ವಂಶಾವಳಿಯನ್ನು ನಂಬಿ ಪ್ರಾಣಕೊಟ್ಟವರನ್ನು ಏನೆನ್ನಬೇಕು? ಜಗಲಿಯಲ್ಲಿ ಕುಳಿತು ವೀಳ್ಯವನ್ನು ಮೆಲ್ಲುತ್ತಿದ್ದ ಯಜಮಾನರನ್ನು ಈ ವಿಷಯವಾಗಿ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ಟ್ರೇ, ಅರಸು ಸುಳ್ಳೇ ಇರಬಹುದು. ಹೋದವರ ಹಸಿವು ಸುಳ್ಳಲ್ಲವಲ್ಲ. ಅವರಿಗೆ ಬೇಕಾದ್ದು ಅರಸನ ಮಗನಲ್ಲ, ಭತ್ತವನ್ನು ಭತ್ತವಾಗಿಯೇ ತೆಗೆದುಕೊಳ್ಳುವವನು" ಎಂದರು. ನಾವು ಓದಿದ ಪುಸ್ತಕಗಳಲ್ಲಿ ಈ ದಂಗೆಗೆ ಇಷ್ಟು ಚಿಕ್ಕದಾದ ವ್ಯಾಖ್ಯಾನವನ್ನು ಕಂಡಿಲ್ಲ.

"ಹಾಗಾದರೆ ಗೌಡರೇ, ಹಾಲೇರಿಯ ಹೆಸರೇ ಏಕೆ ಬೇಕಾಯಿತು?" ಎಂದೆವು. "ಬೇರೆ ಯಾರ ಹೆಸರಿಗೆ ಎಲ್ಲ ಮನೆಯವರೂ ಒಟ್ಟಿಗೆ ಎದ್ದು ಬರುತ್ತಿದ್ದರು?" ಎಂದು ಅವರೇ ಮರುಪ್ರಶ್ನೆ ಹಾಕಿದರು. ಇನ್ನೂರು ವರ್ಷಗಳ ಹಿಂದೆ ನಾಡು ಹೊರಗಿನವನನ್ನು ಅರಸನನ್ನಾಗಿ ಒಪ್ಪಿದ ಕಾರಣವೇ, ಅರಸನಿಲ್ಲದಾಗ ಅವನನ್ನು ಕಲ್ಪಿಸಿಕೊಂಡುದಕ್ಕೂ ಕಾರಣವಾಯಿತು. ಸೋಜಿಗವೇನೆಂದರೆ, ಅರಸರು ತಮ್ಮ ದಾಯಾದಿಗಳನ್ನು ತಾವೇ ಉಳಿಯಗೊಟ್ಟಿದ್ದರೆ ಪ್ರಜೆಗಳು ವಾರಸುದಾರನನ್ನು ಹುಡುಕಿ ಹೀಗೆ ಪರದಾಡಬೇಕಾಗಿರಲಿಲ್ಲ. ಮೂರು ಕವಲಾಗಿ ಹರಡಿದ ಮನೆಯಲ್ಲಿ ಬೇಕಾದ ಹೊತ್ತಿಗೆ ಒಬ್ಬನೂ ಸಿಕ್ಕದೆ ಹೋದನು.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಕಥೆಯಲ್ಲ. ಸ್ಪೇನ್ ದೇಶದ ಎರ್ನಾನ್ ಕೋರ್ಟೆಸನು 1521ರಲ್ಲಿ ಮೆಕ್ಸಿಕೋವನ್ನು ಗೆದ್ದು, 1529ರಲ್ಲಿ ದೊಡ್ಡ ಜಹಗೀರನ್ನೂ ಬಿರುದನ್ನೂ ಪಡೆದನು. ಅವನಿಗೆ ಮಾರ್ಟಿನ್ ಎಂಬ ಒಂದೇ ಹೆಸರಿನ ಇಬ್ಬರು ಮಕ್ಕಳು: ಒಬ್ಬನು ಅವನಿಗೆ ದುಭಾಷಿಯಾಗಿದ್ದ ಆ ನೆಲದ ಹೆಣ್ಣಿನಲ್ಲಿ ಹುಟ್ಟಿದವನು, ಇನ್ನೊಬ್ಬನು ಸ್ಪೇನಿನ ಕುಲೀನ ಪತ್ನಿಯಲ್ಲಿ ಹುಟ್ಟಿದವನು. ಹಿರಿಯನು ಮೊದಲಿನವನಾದರೂ ಜಹಗೀರು ಎರಡನೆಯವನಿಗೆ ಸಂದಿತು. 1566ರಲ್ಲಿ ಅಲ್ಲಿ ನೆಲಸಿದ ಸ್ಪೇನಿನವರು ಈ ಕಿರಿಯನನ್ನೇ ಅರಸನನ್ನಾಗಿ ಮಾಡಲು ಒಳಸಂಚು ನಡೆಸಿದರೆಂಬ ಆರೋಪವು ಬಂದು ಅಣ್ಣತಮ್ಮಂದಿರಿಬ್ಬರೂ ಸೆರೆಯಾದರು. ಕಡಲಾಚೆಯಲ್ಲಿಯೂ ನೆಲಸಿದವರ ಮನೆತನವು ಎರಡು ಮೂರು ತಲೆಗಳಲ್ಲಿಯೇ ಇದೇ ಪ್ರಶ್ನೆಯ ಮುಂದೆ ಬಂದು ನಿಂತಿತು: ಈ ನೆಲವು ಯಾರದು, ಯಾವ ಮಗನು ಅದಕ್ಕೆ ಸಲ್ಲುವವನು?

ಹಾಲೇರಿಯ ಕೊನೆಯ ಅರಸನು ಕಾಶಿಯಿಂದ 1852ರಲ್ಲಿ ಇಂಗ್ಲೆಂಡಿಗೆ ಹೋದನು. ಪೂರ್ವಿಕರು ಕುಂಪಣಿಯಲ್ಲಿ ಇಟ್ಟಿದ್ದ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದಲ್ಲಿ ಹೋರಾಡಿದನು. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಕಾಶಿಯಲ್ಲಿ ಹುಟ್ಟಿದ ಮಗಳು ಗೌರಮ್ಮನಿಗೆ 1852ರಲ್ಲಿ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. 1860ರಲ್ಲಿ ಆಕೆ ಕ್ಯಾಂಬೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿಯನ್ನು ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, 1864ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಗತಿಸಿದಳು. ಜಂಗಮನಾಗಿ ಬಂದು ನೆಲಸಿದ ವಂಶದ ಕುಡಿಯೊಂದು ಹೀಗೆ ಥೇಮ್ಸ್ ನದಿಯ ಊರಿನಲ್ಲಿ ಮಣ್ಣಾಯಿತು. ಮಡಿಕೇರಿಯ ಗದ್ದಿಗೆಯಲ್ಲಿ ಹಿರಿಯರ ಸಮಾಧಿಗಳು ಗುಮ್ಮಟವನ್ನು ಹೊತ್ತು ನಿಂತಿವೆ.

ಆಲೆಟ್ಟಿಯಿಂದ ಹಿಂದಿರುಗುವ ದಾರಿಯಲ್ಲಿ ರಬ್ಬರು ಮರಗಳ ಸಾಲುಗಳನ್ನು ಕಂಡೆವು. ಇಲ್ಲಿ ನಮ್ಮ ಕಿವಿಗೆ ಬಿದ್ದ ತಮಿಳಿನ ಮೂಲವಿದು. 1964ರ ಭಾರತ–ಸಿಂಹಳ ಒಪ್ಪಂದದ ಮೇರೆಗೆ, ತಲೆಮಾರುಗಳಿಂದ ಸಿಂಹಳದ ಚಹಾ ತೋಟಗಳಲ್ಲಿ ದುಡಿದಿದ್ದ ತಮಿಳರಲ್ಲಿ ಅನೇಕರು ಭಾರತಕ್ಕೆ ಹಿಂದಿರುಗಬೇಕಾಯಿತು. ಅವರಲ್ಲಿ ಕೆಲವು ಕುಟುಂಬಗಳನ್ನು ಸುಳ್ಯ, ಪುತ್ತೂರು ಸೀಮೆಗಳ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಸಿಂಹಳದಲ್ಲಿ ಅವರು ಭಾರತದವರು. ಇಲ್ಲಿ ಅವರು ಸಿಂಹಳದವರು. ಜಾತಿ, ಮೂಲಗಳ ಪ್ರಮಾಣಪತ್ರಗಳಿಗಾಗಿ ಕಚೇರಿಯ ಮೆಟ್ಟಿಲುಗಳನ್ನು ಹತ್ತಿಳಿಯಬೇಕಾದ ಕಷ್ಟವು ಇವರ ಪಾಲಿಗೆ ಬಂದಿತು. ಅರಸನು ವಂಶಾವಳಿಯನ್ನು ಬರೆಯಿಸಿದ್ದು ರಾಜ್ಯಕ್ಕಾಗಿ. ಇವರಿಗೆ ಅದು ಬೇಕಾಗಿರುವುದು ಮಗನ ಶಾಲೆಗೆ, ಮಗಳ ಉದ್ಯೋಗಕ್ಕೆ. ತೋಟದ ವಸತಿಯ ಅಂಗಳದಲ್ಲಿ ಮಕ್ಕಳು ತಮಿಳಿನಲ್ಲಿ ಜಗಳವಾಡಿ ಕನ್ನಡದಲ್ಲಿ ಪಾಠವನ್ನೊಪ್ಪಿಸುತ್ತಿದ್ದರು. ಐಗೂರಿನಿಂದ ಇಳಿದುಬಂದ ಮೊದಲ ಗೌಡರ ಮಕ್ಕಳೂ ಒಂದು ಕಾಲಕ್ಕೆ ಹೀಗೆಯೇ ಹೊಸ ನೆಲದಲ್ಲಿ ಆಡುತ್ತಿದ್ದಿರಬೇಕು.

ನೆಲಕ್ಕೆ ಬಂದವರನ್ನು ನೆಲದವರನ್ನಾಗಿ ಮಾಡುವುದು ಯಾವುದು? ಕಾಗದವೊಂದೇ ಅಲ್ಲವೆಂದು ಹಾಲೇರಿಯ ಕಥೆಯು ಹೇಳುತ್ತದೆ. ಬರೆದ ವಂಶಾವಳಿಯಿದ್ದ ಅರಸುಮನೆಯು ಅಳಿಯಿತು. ಬಾಯಿಪಾಠದ ಏಳು ಹೆಸರುಗಳಷ್ಟೇ ಇರುವ ಒಕ್ಕಲುಮನೆಯು ಉಳಿದಿದೆ. ಒಂದು ಮನೆಯವರು ಪಾಲಿಗಾಗಿ ಹೊರಗಿನವರನ್ನು ಕರೆತಂದರು. ಇನ್ನೊಂದು ಮನೆಯವರು ಪಾಲಾದ ಮೇಲೂ ವರ್ಷಕ್ಕೊಮ್ಮೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ನಮ್ಮ ಗೃಹಸ್ಥರಲ್ಲಿ ಈಗ ವಂಶವೃಕ್ಷವನ್ನು ಬರೆಯಿಸಿ ಗೋಡೆಗೆ ತೂಗುಹಾಕುವ ಉತ್ಸಾಹವು ಹೆಚ್ಚಿದೆ. ಒಳ್ಳೆಯದೇ, ಹೆಸರುಗಳು ಮರೆಯಬಾರದು. ಆದರೆ ಪಟದಲ್ಲಿ ಕೊಂಬೆಯಾಗಿ ಬರೆದ ದಾಯಾದಿಯು ನಮ್ಮ ಹೊಸ್ತಿಲನ್ನು ತುಳಿದು ಎಷ್ಟು ವರ್ಷಗಳಾದುವೆಂಬುದನ್ನೂ ಅದರ ಕೆಳಗೆ ಬರೆದಿಟ್ಟುಕೊಂಡರೆ ಆ ಪಟವು ಪೂರ್ಣವಾಗುವುದು. ಬರುವ ಹಬ್ಬಕ್ಕೆ ಅವನಿಗೊಂದು ಎಲೆಯನ್ನು ಹೆಚ್ಚಾಗಿ ಹಾಕಿಸುವುದು ಅದಕ್ಕಿಂತಲೂ ಮೇಲು.